ಹಾಸಿಗೆಯಲ್ಲಿ ಸತ್ತ ಸೇನಾಪತಿ

ನನ್ನ ಗಂಡ ಕುವೈತಿನ ಶುಐಬಾದ ಒಂದು ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್ ಆಗಿದ್ದರು. ವಾರವಿಡೀ ಬೋಲ್ಟು, ವಾಲ್ವು, ಪೈಪಿನ ರಬ್ಬರ್ ಬಳೆ ತೆಗೆದುಕೊಡುವ ಕೆಲಸ. ಶುಕ್ರವಾರ ಮಾತ್ರ ಅವರು ಒಮ್ಮೆ ರಾಜ, ಒಮ್ಮೆ ಮಂತ್ರಿ, ಒಮ್ಮೆ ರಾಕ್ಷಸ. ಅಬ್ಬಾಸಿಯಾದಲ್ಲಿ ನಮ್ಮ ಊರ ಕಡೆಯವರದೊಂದು ತಾಳಮದ್ದಳೆ ತಂಡ ಇದೆ. ಯಕ್ಷಗಾನದ ಪ್ರಸಂಗವನ್ನೇ ವೇಷವಿಲ್ಲದೆ, ಕುಣಿತವಿಲ್ಲದೆ, ಪಂಚೆ ಉಟ್ಟು ಶಾಲು ಹೊದ್ದು ಕುಳಿತಲ್ಲೇ ಮಾತಿನಲ್ಲಿ ನಡೆಸುವುದು. ಭಾಗವತರು ಒಂದು ಪದ ಹಾಡುತ್ತಾರೆ. ಪಾತ್ರ ವಹಿಸಿದವರು ಅದಕ್ಕೆ ಬಾಯಿಗೆ ಬಂದ ಮಾತಿನಲ್ಲಿ ಅರ್ಥ ಹೇಳುತ್ತಾರೆ. ಎದುರು ಕುಳಿತವರು ಅದಕ್ಕೆ ಉತ್ತರ ಕೊಡುತ್ತಾರೆ. ಬರೆದಿಟ್ಟ ಮಾತಿಲ್ಲ. ಎದುರಿನವರು ಬಿಟ್ಟುಕೊಡದಿದ್ದರೆ ಕಥೆ ಅಲ್ಲೇ ನಿಲ್ಲುತ್ತದೆ. ನಡುವೆ ಒಂದು ಇಂಗ್ಲಿಷ್ ಶಬ್ದ ಜಾರಿದರೆ ಸಭೆ ನಗುತ್ತದೆ.

ಇವರು ಹೋಗಿ ವರ್ಷ ಕಳೆಯಿತು. ನಾನು ಹತ್ತನೆಯ ತರಗತಿವರೆಗೆ ಓದಿದವಳು, ಹೊಲಿಗೆ ಕೆಲಸದವಳು. ಬರೆದು ಅಭ್ಯಾಸವಿಲ್ಲ. ಆದರೆ ಇವರ ಬಗ್ಗೆ ಬರೆಯುವುದಾದರೆ ಆ ಜರ್ಮನಿಯ ಸೇನಾಪತಿಯಿಂದಲೇ ತೊಡಗಬೇಕು. ಕೊನೆಯ ದಿನಗಳಲ್ಲಿ ನಮ್ಮ ಫ್ಲಾಟಿನಲ್ಲಿ ಇವರು, ನಾನು, ಮಗಳು ಅಲ್ಲದೆ ಅವನೂ ಇದ್ದ. ಎಲ್ಲರಿಗಿಂತ ಹೆಚ್ಚು ಜಾಗ ಅವನಿಗೇ ಬೇಕಾಗುತ್ತಿತ್ತು.

ಇವರ ಕಾರ್ಖಾನೆಯಲ್ಲಿ ಒಬ್ಬ ಜರ್ಮನ್ ಎಂಜಿನಿಯರ್ ಇದ್ದರು. ಉದ್ದ ಮನುಷ್ಯ, ನಿವೃತ್ತಿ ಹತ್ತಿರ. ಬೇರೆಯವರು ಸಾಮಾನಿಗೆ ಹುಡುಗರನ್ನು ಕಳಿಸಿದರೆ ಈ ಮನುಷ್ಯ ತಾನೇ ಸ್ಟೋರಿಗೆ ಬಂದು ಕುಳಿತುಕೊಳ್ಳುತ್ತಿದ್ದರು. ಅವರ ವಂಶದಲ್ಲಿ, ಬಹಳ ತಲೆಮಾರುಗಳ ಹಿಂದೆ, ಒಬ್ಬ ಹಿರಿಯ ಪರದೇಶದ ರಾಜರ ಸೈನ್ಯಗಳಲ್ಲಿ ಕೆಲಸ ಮಾಡುತ್ತ ಮಾಡುತ್ತ ನಮ್ಮ ಕರಾವಳಿಗೆ ಬಂದು ಸತ್ತಿದ್ದನಂತೆ. ಇದನ್ನು ಕೇಳಿದ ದಿನ ಇವರು ಮನೆಗೆ ಬಂದು ಚಪ್ಪಲಿ ಬಿಚ್ಚುವ ಮೊದಲೇ ಕೂಗಿದರು.

“ಇವಳೇ, ಅವನು ನಮ್ಮವನು ಮಾರಾಯ್ತಿ!”

“ಯಾರು?”

“ಜರ್ಮನಿಯವನು. ಅವರ ಹೆಸರಿನ ನಡುವೆ ಒಂದು ಸಣ್ಣ ಶಬ್ದ ಉಂಟು. ಅದು ಇದ್ರೆ ದೊಡ್ಡ ಮನೆತನ ಅಂತ. ನಮ್ಮ ಗುತ್ತು ಉಂಟಲ್ಲ, ಹಾಗೆಯೇ.”

ಇವರ ಮನೆಯೂ ಗುತ್ತಿನ ಮನೆ. ಹೆಸರು ಹೇಳಿದರೆ ಊರಲ್ಲಿ ಜನ ಎದ್ದು ನಿಲ್ಲುತ್ತಾರೆ. ಪಾಲು ಕೇಳಿದರೆ ಎಲ್ಲರೂ ಕುಳಿತುಬಿಡುತ್ತಾರೆ. ಆದ್ದರಿಂದ ದೊಡ್ಡ ಹೆಸರಿದ್ದೂ ಕೈಯಲ್ಲಿ ಏನಿಲ್ಲದೆ ಪರದೇಶಕ್ಕೆ ಹೊರಟ ಮನುಷ್ಯನ ಕಥೆ ಇವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಂದೇ ವಾರದಲ್ಲಿ ಭಾಗವತರನ್ನು ಕರೆಸಿ ಪ್ರಸಂಗಕ್ಕೆ ಪದ ಕಟ್ಟಿಸಲು ಕುಳಿತರು. ಭಾಗವತರು ಫಹಾಹೀಲಿನಲ್ಲಿ ಒಂದು ಆಫೀಸಿನ ಲೆಕ್ಕ ಬರೆಯುವವರು; ಸಾಧು ಮನುಷ್ಯ, ಯಾರಿಗೂ ಇಲ್ಲ ಎನ್ನಲಾರರು.

ಮೊದಲ ಪದದಲ್ಲೇ ತಪ್ಪಾಯಿತು. ನಮ್ಮಲ್ಲಿ ಗುತ್ತಿನ ಯಜಮಾನಿಕೆ ಮಾವನಿಂದ ಅಳಿಯನಿಗೆ, ಅಂದರೆ ಸೋದರಿಯ ಮಗನಿಗೆ ಹೋಗುವುದು. ಜರ್ಮನಿಯಲ್ಲೂ ಹಾಗೆಯೇ ಎಂದು ಇಬ್ಬರೂ ಯೋಚಿಸದೆ ಒಪ್ಪಿಕೊಂಡಿದ್ದರು. ಹಾಗಾಗಿ ಕಥೆ ಶುರುವಾಗುವುದು ಜರ್ಮನಿಯ ಒಂದು ಚಾವಡಿಯಲ್ಲಿ. ಸೋದರಮಾವ ಭತ್ತದ ರಾಶಿಯ ಎದುರು ಕುಳಿತು, “ಯಜಮಾನಿಕೆ ನಿನ್ನ ಅಣ್ಣನಿಗೆ, ನಿನಗೆ ಒಂದು ಕುದುರೆ” ಎಂದು ಕಿರಿಯ ಅಳಿಯನಿಗೆ ಹೇಳುತ್ತಾನೆ. ಎಂಟು ಪದ ಮುಗಿದ ಮೇಲೆ ಇವರು ಜರ್ಮನಿಯವರ ಹತ್ತಿರ ಮಾವನ ಹೆಸರೇನು ಎಂದು ಕೇಳಿದರು. ಅವರಿಗೆ ಅರ್ಥವೇ ಆಗಲಿಲ್ಲ. ಆಸ್ತಿ ಕೊಟ್ಟದ್ದು ಅಪ್ಪ, ಸಿಕ್ಕಿದ್ದು ಹಿರಿಯ ಮಗನಿಗೆ ಎಂದರಂತೆ.

“ಹಾಗಾದ್ರೆ ಸೋದರಿಯ ಮಗನಿಗೆ ಎಂತ ಸಿಕ್ಕಿತು?” ಎಂದು ಇವರು ಕೇಳಿದರು.

“ಒಂದು ಗಡಿಯಾರ ಸಿಕ್ಕಿರಬೇಕು.”

ಇವರು ಆ ದಿನ ರಾತ್ರಿ ಊಟ ಮಾಡುವಾಗಲೂ ಬೇಸರದಲ್ಲಿದ್ದರು. “ಗಡಿಯಾರ ಅಂತೆ! ಎಂಥ ಜನ ಮಾರಾಯ್ತಿ!” ಭಾಗವತರು ಮಾತ್ರ ಎಂಟು ಪದ ಹಾಳು ಮಾಡಲು ತಯಾರಿರಲಿಲ್ಲ. ಕೊನೆಗೆ ಜರ್ಮನಿಯವರೇ, ನಿಮ್ಮ ಜನಕ್ಕೆ ಮಾವನೇ ಸರಿಹೋಗುವುದಾದರೆ ಮಾವನೇ ಇರಲಿ, ಆ ಅಪ್ಪ ಹೇಗೂ ಒಳ್ಳೆಯ ಮನುಷ್ಯನಾಗಿರಲಿಲ್ಲ ಎಂದು ಒಪ್ಪಿಗೆ ಕೊಟ್ಟರು.

ಅರ್ಥಕ್ಕೆ ಬರೆದಿಟ್ಟ ಮಾತಿಲ್ಲ ಎಂದೆನಲ್ಲ, ಅದು ಸಭೆಗೆ ಹೇಳುವ ಮಾತು. ಇವರ ತಾಲೀಮು ನಮ್ಮ ಅಡುಗೆಮನೆಯಲ್ಲಿ ನಡೆಯುತ್ತಿತ್ತು. ನಾನು ಸೀರೆಗೆ ಫಾಲ್ ಹಾಕುತ್ತ ಕುಳಿತಿರುತ್ತಿದ್ದೆ. ಇವರು ಫ್ರಿಡ್ಜಿಗೆ ಒರಗಿ ನಿಲ್ಲುತ್ತಿದ್ದರು.

“ಮೊದಲು ರಷ್ಯಾದ ರಾಣಿಯ ಸೈನ್ಯ. ಇವನು ಹೊರಟದ್ದು ಯುದ್ಧಕ್ಕೆ. ದಾರಿಯಲ್ಲಿ ಕೆಸರು, ಹಿಮ, ಜ್ವರ. ತಲುಪುವಾಗ ಯುದ್ಧ ಖಲಾಸ್. ಹೋದ ಆಫೀಸರುಗಳೆಲ್ಲ ಸತ್ತಿದ್ದಾರೆ. ಉಳಿದವನು ಇವನೊಬ್ಬ. ಸೀದಾ ಬಡ್ತಿ! ತಡವಾಗಿ ಬಂದದ್ದಕ್ಕೆ ಬಡ್ತಿ ಸಿಕ್ಕಿದವರು ಬೇರೆ ಯಾರಾದರೂ ಉಂಟಾ?”

“ಅಲ್ಲಿ ಎಂತ ಕೆಲಸ?” ನಾನು ಕೇಳಲೇಬೇಕು. ಎದುರಿನವರು ಕೇಳದಿದ್ದರೆ ಅರ್ಥ ಬೆಳೆಯುವುದಿಲ್ಲ.

“ಕುದುರೆಗಳ ಹುಲ್ಲು ನೋಡಿಕೊಳ್ಳುವುದು. ಸ್ಟೋರ್‌ಕೀಪರ್ ಅಂತಲೇ ಇಟ್ಕೊ.”

ರಷ್ಯಾದ ಚಳಿ ಆಗದೆ ಅವನು ತುರ್ಕಿಯ ಸುಲ್ತಾನನ ಕೆಲಸಕ್ಕೆ ಸೇರಿದ. ಇವರ ಮಾತಿನಲ್ಲಿ ಹೇಳುವುದಾದರೆ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿಯನ್ನು, ಬದಲಾಯಿಸಿದ. ಇಂಗ್ಲಿಷ್ ಬೇಡ ಎಂದು ಮಾತ್ರ ನಿಯಮ, ಅರಬ್ಬಿ ಬೇಡ ಎಂದು ಯಾರೂ ಹೇಳಿಲ್ಲ ಎಂಬುದು ಇವರ ವಾದ. ಅಲ್ಲಿ ಸೈನಿಕರಿಗೆ ಕವಾಯತು ಕಲಿಸುವ ಕೆಲಸ. ಭಾಷೆ ಬಾರದು. ಅವನು ‘ಎಡಕ್ಕೆ’ ಎಂದರೆ ದುಭಾಷಿ ಅದನ್ನು ತುರ್ಕಿಯಲ್ಲಿ ಹೇಳಬೇಕು. ಒಂದು ದಿನ ದುಭಾಷಿ ಕಾಫಿ ಕುಡಿಯುತ್ತಿದ್ದ. ಕಪ್ಪು ಕೆಳಗಿಡುವಷ್ಟರಲ್ಲಿ ಅರ್ಧ ಸೈನ್ಯ ಹೊಳೆಗೆ ಇಳಿದಿತ್ತು. ಸುಲ್ತಾನ ಕೋಪ ಮಾಡಲಿಲ್ಲ. ಒಂದು ಒಳ್ಳೆಯ ಕೋಟು ಕೊಟ್ಟು ಕಳಿಸಿದ.

ಆ ಕೋಟು ಹಾಕಿಕೊಂಡು ಬಸ್ರಾಕ್ಕೆ ಬಂದು, ಕುದುರೆ ಸಾಗಿಸುವ ಹಡಗು ಹತ್ತಿ, ನಮ್ಮ ಈ ಸಮುದ್ರದಲ್ಲೇ ತೇಲಿ ನಮ್ಮ ಕರಾವಳಿಗೆ ಇಳಿದ. ಕುದುರೆಗಳು ಆರೋಗ್ಯವಾಗಿದ್ದವು, ಅವನು ಮಾತ್ರ ವಾಂತಿ ಮಾಡಿ ಅರ್ಧವಾಗಿದ್ದ. ಅಲ್ಲಿ ಒಂದು ಸಣ್ಣ ಸೀಮೆಯ ರಾಣಿ ಅವನ ಕೋಟು ನೋಡಿ ಸೇನಾಪತಿ ಮಾಡಿದಳು. ಅವಳ ಹತ್ತಿರ ಎರಡು ಫಿರಂಗಿ. ಒಂದಕ್ಕೆ ದನ ಕಟ್ಟುತ್ತಿದ್ದರು. ಮಳೆಗಾಲದಲ್ಲಿ ಮದ್ದು ಒದ್ದೆ. ಶತ್ರುರಾಜ, ‘ಕೊಯ್ಲು ಮುಗಿಯಲಿ, ಆಮೇಲೆ ಯುದ್ಧ ಮಾಡುವ’ ಎಂದು ಹೇಳಿ ಕಳಿಸಿದ್ದ. ಕೊಯ್ಲಿನ ಮೊದಲೇ ಸೇನಾಪತಿ ಹಲಸಿನ ಹಣ್ಣು ತಿಂದು ಹೊಟ್ಟೆ ಕೆಟ್ಟು ಹಾಸಿಗೆ ಹಿಡಿದು ಸತ್ತ.

“ಹೊಟ್ಟೆ ಅಂತ ಅವರ ಮನೆಯವರಿಗೆ ಗೊತ್ತುಂಟು. ಹಲಸಿನ ಹಣ್ಣು ನನ್ನ ಊಹೆ,” ಎನ್ನುತ್ತಿದ್ದರು ಇವರು. ಮೂರು ದೇಶಗಳ ಸೈನ್ಯದಲ್ಲಿ ದೊಡ್ಡ ದೊಡ್ಡ ಹುದ್ದೆ, ಒಂದೂ ಯುದ್ಧ ಇಲ್ಲ. ಇದರಲ್ಲಿ ಇವರಿಗೆ ಎಷ್ಟು ಸಂತೋಷ ಎಂದರೆ, ಹೇಳುವಾಗ ತಾವೇ ನಕ್ಕು ಮುಂದಿನ ಮಾತು ಮರೆಯುತ್ತಿದ್ದರು.

ಆ ಪ್ರಸಂಗ ನಡೆಯುವ ಮೊದಲೇ ಇವರು ಹೋದರು. ಒಂದು ಶುಕ್ರವಾರ ಬೆಳಿಗ್ಗೆ ಫಹಾಹೀಲಿನ ಮೀನು ಮಾರ್ಕೆಟ್ಟಿನಲ್ಲಿ, ಅಂಜಲ್ ಮೀನಿನ ಕಿವಿರು ಎತ್ತಿ ನೋಡಿ, “ನಿನ್ನೆಯದು” ಎಂದು ಅಂಗಡಿಯವನ ಜೊತೆ ಜಗಳ ಮಾಡುತ್ತಿದ್ದಾಗ ಹಾಗೆಯೇ ಕುಸಿದರಂತೆ. ಜೊತೆಗಿದ್ದವರು ಗಾಬರಿಯಲ್ಲಿ ಇವರ ಜೊತೆ ಮೀನನ್ನೂ ಕಾರಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ನಾನು ತಲುಪುವಾಗ ಇವರು ಇರಲಿಲ್ಲ. ಒಬ್ಬರು ಕುರ್ಚಿಯಲ್ಲಿ ಮೀನಿನ ಚೀಲ ಹಿಡಿದುಕೊಂಡು, ಅದನ್ನು ಎಲ್ಲಿಡುವುದೆಂದು ತಿಳಿಯದೆ ಅಳುತ್ತಿದ್ದರು. ಮೀನು ನಿಜಕ್ಕೂ ನಿನ್ನೆಯದೇ ಆಗಿತ್ತು.

ಊರಿಗೆ ಹೋಗಿ ಎಲ್ಲ ಮುಗಿಸಿ ಬಂದ ಮೇಲೆ ಇಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ಇವರ ಫೋಟೋಕ್ಕೆ ಹಾರ ಹಾಕಿ ಒಬ್ಬೊಬ್ಬರೇ ಮಾತಾಡಿದರು. ಸಿಟ್ಟೆಂಬುದನ್ನೇ ಅರಿಯದವರು ಎಂದರು ಒಬ್ಬರು. ಕಲಾತಪಸ್ವಿ ಎಂದರು ಇನ್ನೊಬ್ಬರು. ಕರ್ತವ್ಯದ ನಡುವೆಯೇ ವೀರನಂತೆ ಪ್ರಾಣ ಬಿಟ್ಟರು ಎಂದರು ಮತ್ತೊಬ್ಬರು. ಮೀನಿನ ಮಾತು ಯಾರೂ ಎತ್ತಲಿಲ್ಲ. ಮಗಳು ನನ್ನ ಕಿವಿಯಲ್ಲಿ, “ಅಮ್ಮಾ, ಈಸ್ ದಿಸ್ ಅಬೌಟ್ ಪಪ್ಪಾ?” ಎಂದಳು. ಹೌದು ಎಂದೆ. ಅವಳಿಗೆ ನಂಬಿಕೆ ಬಂದಂತೆ ಕಾಣಲಿಲ್ಲ.

ಆಮೇಲೆ ಎಲ್ಲಿ ಹೋದರೂ ಅದೇ. ತರಕಾರಿ ಅಂಗಡಿಯಲ್ಲಿ, ಲಿಫ್ಟಿನಲ್ಲಿ, ಮಗಳ ಶಾಲೆಯ ಗೇಟಿನಲ್ಲಿ ಜನ ನನ್ನ ಕೈ ಹಿಡಿದು ಒಬ್ಬ ಮಹಾಪುರುಷನ ಬಗ್ಗೆ ಹೇಳುತ್ತಿದ್ದರು. ಅವರ ಮನಸ್ಸು ಒಳ್ಳೆಯದೇ. ಆದರೆ ನಾನು ಆ ಮನುಷ್ಯನ ಜೊತೆ ಸಂಸಾರ ಮಾಡಿದವಳಲ್ಲ. ನಾನು ಮದುವೆಯಾದವರು ನಲ್ಲಿಗೆ ಬೈಯುತ್ತಿದ್ದರು, ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದರು, ಚುಚ್ಚುಮದ್ದೆಂದರೆ ಹೆದರಿ ಕ್ಲಿನಿಕ್ಕಿನಿಂದ ಓಡಿ ಬಂದಿದ್ದರು. ಒಬ್ಬೊಬ್ಬರು ಒಂದೊಂದು ಒಳ್ಳೆಯ ಮಾತು ಹೇಳಿದ ಹಾಗೆ ಇವರು ನನ್ನಿಂದ ಇನ್ನಷ್ಟು ದೂರ ಹೋಗುತ್ತಿದ್ದರು. ಅತ್ತರೂ ಯಾರಿಗಾಗಿ ಅಳುತ್ತಿದ್ದೇನೆಂದು ತಿಳಿಯದ ಹಾಗಾಗಿತ್ತು.

ಇವರ ವರ್ಷಾಂತಿಕದ ಹೊತ್ತಿಗೆ ಭಾಗವತರು ಮನೆಗೆ ಬಂದರು. ಜೊತೆಗೆ ಕೇಟರಿಂಗ್ ಕಂಪೆನಿಯಲ್ಲಿ ಸೂಪರ್‌ವೈಸರ್ ಆಗಿರುವ ಒಬ್ಬರು ಅರ್ಥಧಾರಿ. ಗುಡುಗಿನಂಥ ಕಂಠ. ಸಾಯುವ ಪಾತ್ರಗಳಲ್ಲಿ ಅವರು ಎತ್ತಿದ ಕೈ. ಪುರಾಣದಲ್ಲಿ ಬಾಣ ತಾಗಿ ಬೀಳುವವರೆಲ್ಲ ಕುವೈತಿನಲ್ಲಿ ಅವರ ಬಾಯಿಂದಲೇ ಬೀಳಬೇಕು. ಅವರು ಸಾಯಲು ತೊಡಗಿದರೆ ಹೆಂಗಸರು ಎದ್ದು ಹೋಗಿ ಮಕ್ಕಳಿಗೆ ಊಟ ಮಾಡಿಸಿ ಬಂದರೂ ಪ್ರಾಣ ಇನ್ನೂ ಇರುತ್ತದೆ.

“ಅಕ್ಕ, ಅಣ್ಣನ ನೆನಪಿಗೆ ಅದೇ ಪ್ರಸಂಗ ಮಾಡುವ ಅಂತ,” ಎಂದರು ಭಾಗವತರು. “ಜರ್ಮನಿಯವರು ಕೆಲಸ ಬಿಟ್ಟು ಊರಿಗೆ ಹೋಗ್ತಾರೆ. ಹೋಗುವ ಮೊದಲು ಒಮ್ಮೆ ಕೇಳ್ಬೇಕು ಅಂತಾರೆ. ಸೇನಾಪತಿ ಇವರು ಮಾಡ್ತಾರೆ.”

“ಮಾಡಿ. ಆದರೆ ಅವನು ಹಾಸಿಗೆಯಲ್ಲಿ ಸಾಯಬೇಕು,” ಎಂದೆ.

ಕೇಟರಿಂಗಿನವರು ಚಹಾದ ಲೋಟ ಕೆಳಗಿಟ್ಟರು. “ಎಂತದು ಅಕ್ಕ ನೀವು! ಸೇನಾಪತಿ ಹೊಟ್ಟೆ ನೋವಿನಿಂದ ಸಾಯುವುದಾ? ಅಣ್ಣನ ನೆನಪಿನ ಕಾರ್ಯಕ್ರಮ. ಜನ ಕಣ್ಣೀರು ಹಾಕ್ಬೇಕಲ್ಲ?”

“ಅಣ್ಣ ಹಾಗೆಯೇ ಕಟ್ಟಿದ್ದು.”

“ಹಾಸಿಗೆಯಲ್ಲಿ ಸತ್ತರೆ ಚೆಂಡೆಯವರು ಎಂತ ಮಾಡ್ಬೇಕು? ಕೈ ಕಟ್ಟಿ ಕೂರ್ಬೇಕಾ? ಅವರು ಸಾಲ್ಮಿಯಾದಿಂದ ಟ್ಯಾಕ್ಸಿ ಮಾಡಿ ಬರುವವರು.”

“ಚೆಂಡೆಯವರಿಗೆ ಊಟ ನಾನು ಹಾಕ್ತೇನೆ. ಅವನು ಹಾಸಿಗೆಯಲ್ಲಿ ಸಾಯಬೇಕು.”

ಭಾಗವತರು ನಡುವೆ ಬಂದು, ಹಾಗೆಯೇ ಆಗಲಿ ಎಂದರು. ಕೇಟರಿಂಗಿನವರೂ ತಲೆಯಾಡಿಸಿದರು. ಆಮೇಲೆ ಇನ್ನೊಂದು ತೊಂದರೆ ಹೊರಬಿತ್ತು. ರಾಣಿಯ ಅರ್ಥ ಹೇಳುವವರು ರಜೆಯಲ್ಲಿ ಊರಿಗೆ ಹೋಗಿದ್ದರು. ನೀವೇ ಕುಳಿತುಬಿಡಿ ಎಂದರು ಭಾಗವತರು.

“ನಾನಾ? ನಾನು ಬ್ಲೌಸ್ ಹೊಲಿಯುವವಳು.”

“ಮಾತೇ ಇಲ್ಲ ಅಕ್ಕ. ಅವರು ಹೇಳಿದ್ದಕ್ಕೆ ‘ಆಗಲಿ’ ಅಂದ್ರೆ ಮುಗಿಯಿತು. ಅಡುಗೆಮನೆಯಲ್ಲಿ ಅಣ್ಣನಿಗೆ ಎದುರು ಕೂತದ್ದು ನೀವೇ ಅಲ್ವಾ?”

‘ಆಗಲಿ’ ಎನ್ನುವುದು ಅಷ್ಟೇನೂ ಕಷ್ಟವಲ್ಲ ಎಂದು ಒಪ್ಪಿಕೊಂಡೆ.

ಅಬ್ಬಾಸಿಯಾದ ಒಂದು ಹೋಟೆಲಿನ ಮೇಲಿನ ಹಾಲಿನಲ್ಲಿ, ಶುಕ್ರವಾರ ಮಧ್ಯಾಹ್ನ ಊಟದ ಮೇಲೆ ಪ್ರಸಂಗ. ಜನ ಸಾಕಷ್ಟು ಬಂದಿದ್ದರು. ಮುಂದಿನ ಸಾಲಿನಲ್ಲಿ ಜರ್ಮನಿಯವರು ಸೂಟು ಹಾಕಿ ನೆಟ್ಟಗೆ ಕುಳಿತಿದ್ದರು. ಪಕ್ಕದಲ್ಲಿ ಮಗಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಲ್ಲಿ ಬರುವುದು ಇಂಗ್ಲಿಷ್ ಮಾತ್ರ. ಆದ್ದರಿಂದ ಅರ್ಥ ಬಿಡಿಸಿ ಹೇಳುವ ಕೆಲಸಕ್ಕೆ ಅವಳೇ ಸರಿ ಎಂದು ಕೂರಿಸಿದ್ದರು. ವೇದಿಕೆಯ ಮೇಲೆ ನಡುವೆ ಭಾಗವತರು, ಮದ್ದಳೆ, ಚೆಂಡೆ. ಒಂದು ಬದಿಗೆ ಕೇಟರಿಂಗಿನವರು, ಎದುರಿಗೆ ಮೈಕಿನ ಹಿಂದೆ ನಾನು. ಸೋದರಮಾವನ ಅರ್ಥವನ್ನು ಭಾಗವತರ ಗೆಳೆಯರೊಬ್ಬರು ಹೇಳಿ ಎದ್ದು ಹೋದರು. ಮಾವ ಕಾಲು ಗಂಟೆ ಬೈದದ್ದನ್ನು ಮಗಳು ನಾಲ್ಕೇ ಶಬ್ದದಲ್ಲಿ ಹೇಳಿದಳು. ಜರ್ಮನಿಯವರು ಅವಳ ಮುಖವನ್ನೂ ವೇದಿಕೆಯನ್ನೂ ತಿರುಗಿ ತಿರುಗಿ ನೋಡಿದರು. ಉಳಿದ ಮಾತೆಲ್ಲ ಎಲ್ಲಿ ಹೋಯಿತೆಂದು ಅವರಿಗೆ ಸಂಶಯ.

ರಷ್ಯಾ, ತುರ್ಕಿ ಚೆನ್ನಾಗಿಯೇ ನಡೆದವು. ಕೇಟರಿಂಗಿನವರು ಇವರಿಂದ ಕೇಳಿದ್ದನ್ನು ಮರೆತಿರಲಿಲ್ಲ. ಸೈನ್ಯ ಹೊಳೆಗೆ ಇಳಿದಾಗ ಜನ ಹೊಟ್ಟೆ ಹಿಡಿದುಕೊಂಡರು. ನನ್ನ ಸರದಿ ಬಂತು. ಕೋಟು ನೋಡಿದೆ, ಸೇನಾಪತಿ ಮಾಡಿದೆ, ಮೂರು ಸಲ ‘ಆಗಲಿ’ ಎಂದೆ. ಇನ್ನೇನು, ಹೊಟ್ಟೆ ನೋವಿನ ಪದ ಬರಬೇಕು. ಆಗ ಕೇಟರಿಂಗಿನವರು ಭಾಗವತರ ಕಡೆ ಬಾಗಿ ಏನೋ ಹೇಳಿದರು. ಭಾಗವತರು ನನ್ನ ಮುಖ ನೋಡಿ, ತಕ್ಷಣ ಬೇರೆ ಕಡೆ ನೋಡಿದರು. ಇಲ್ಲ ಎನ್ನಲಾರದ ಮನುಷ್ಯ! ಯುದ್ಧಕ್ಕೆ ಹೊರಡುವ ಪದ ಎತ್ತಿಯೇಬಿಟ್ಟರು. ಇಷ್ಟು ಹೊತ್ತು ಸುಮ್ಮನಿದ್ದ ಚೆಂಡೆ ಸಿಡಿಯಿತು.

“ಮಹಾರಾಣಿ!” ಎಂದರು ಕೇಟರಿಂಗಿನವರು. ಮೈಕು ಕಿರುಚಿತು. “ಗಡಿಯಲ್ಲಿ ಶತ್ರುವಿನ ಭೇರಿ ಮೊಳಗಿದೆ. ತಮ್ಮ ಅನ್ನದಿಂದ ಬೆಳೆದ ಈ ದೇಹವನ್ನು ರಣರಂಗದಲ್ಲಿ ಚೆಲ್ಲಿ ಋಣಮುಕ್ತನಾಗುವ ಕಾಲ ಬಂದಿದೆ. ಅಪ್ಪಣೆಯಾಗಲಿ!”

ಮುಂದಿನ ಸಾಲಿನ ಹೆಂಗಸೊಬ್ಬರು ಆಗಲೇ ಸೆರಗು ಕಣ್ಣಿಗೆ ತಂದಿದ್ದರು. ಗೋಡೆಯ ಮೇಲೆ ಹಾರ ಹಾಕಿದ ಇವರ ಫೋಟೋ. ಇನ್ನು ಸ್ವಲ್ಪ ಹೊತ್ತಿನಲ್ಲಿ ಇನ್ನೊಬ್ಬ ಮಹಾಪುರುಷ ವೀರಸ್ವರ್ಗಕ್ಕೆ ಹೋಗುತ್ತಾನೆ. ನಾನು ‘ಆಗಲಿ’ ಎಂದರೆ ಮುಗಿಯಿತು. ನನ್ನ ಬಾಯಿಗೆ ಬಂದದ್ದು ಬೇರೆ.

“ಅದು ಭೇರಿ ಅಲ್ಲ. ಪಕ್ಕದ ಸೀಮೆಯಲ್ಲಿ ಮದುವೆ.”

ಎಲ್ಲೋ ಹಿಂದೆ ಒಬ್ಬರು ನಕ್ಕರು. ಕೇಟರಿಂಗಿನವರು ನನ್ನನ್ನು ದಿಟ್ಟಿಸಿದರು. ಅನುಭವಸ್ಥರು, ಬಿಡುವವರಲ್ಲ.

“ಮದುವೆಗೆ ಇಷ್ಟು ಕುದುರೆಗಳು ಬರುತ್ತವೆಯೆ, ಮಹಾರಾಣಿ?”

“ದೊಡ್ಡ ಕುಳ. ಬರ್ತವೆ.”

“ಬಂದವರ ಕೈಯಲ್ಲಿ ಕತ್ತಿಗಳಿವೆ!”

“ತೆಂಗಿನಕಾಯಿ ಒಡೀಲಿಕ್ಕೆ.”

“ನಮ್ಮ ರೈತರ ಬೆಳೆಯನ್ನು ತುಳಿದಿದ್ದಾರೆ!”

“ಕೊಯ್ಲಿಗೆ ಇನ್ನೂ ಸಮಯ ಉಂಟು. ಅಲ್ಲಿ ಈಗ ಇರುವುದು ಹುಲ್ಲು.”

ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಜರ್ಮನಿಯವರು ಮಗಳ ಕಡೆ ಬಾಗಿದರು. ಅವಳು ಈಗ ಒಂದು ಮಾತನ್ನೂ ಬಿಡದೆ ಹೇಳುತ್ತಿದ್ದಳು. ಕೇಟರಿಂಗಿನವರ ಕುತ್ತಿಗೆ ಕೆಂಪಾಗಿತ್ತು. ಅವರು ಶಾಲು ಹೆಗಲಿಗೆ ಎಸೆದು ಕೊನೆಯ ಬಾಣ ಬಿಟ್ಟರು.

“ಅಪ್ಪಣೆ ಇಲ್ಲದಿದ್ದರೂ ಸರಿ. ಇದೋ, ಹೊರಟೆ!”

“ಹೇಗೆ ಹೋಗ್ತಿ? ಕುದುರೆ ನನ್ನದು. ಫಿರಂಗಿ ನನ್ನದು. ಕಾಲಿನ ಚಪ್ಪಲಿ ಸಹ ನನ್ನದು,” ಎಂದೆ. “ನಾನು ರಿಲೀಸ್ ಕೊಡುವುದಿಲ್ಲ.”

ಇಂಗ್ಲಿಷ್ ಶಬ್ದ ಜಾರಿದ್ದು ಹೌದು. ಆದರೆ ಹಾಲಿನಲ್ಲಿ ಕುಳಿತವರಲ್ಲಿ ಕೆಲಸ ಬಿಡಲು ಕಫೀಲ ಬರೆದುಕೊಡಬೇಕಾದ ರಿಲೀಸಿಗಾಗಿ ಒಮ್ಮೆಯಾದರೂ ಕಾಯದವರು ಯಾರೂ ಇರಲಿಲ್ಲ. ಜನ ಕುರ್ಚಿ ಬಡಿದರು. ಯಾರೋ, “ಯಲ್ಲಾ ರಾಣಿ!” ಎಂದು ಕೂಗಿದರು. ಮದ್ದಳೆಯವರು ಮದ್ದಳೆಯ ಮೇಲೆಯೇ ತಲೆಯಿಟ್ಟು ನಗುತ್ತಿದ್ದರು. ಕೇಟರಿಂಗಿನವರು ಎರಡೂ ಕೈ ಚೆಲ್ಲಿ, ಸೇನಾಪತಿಯ ಕನ್ನಡ ಮರೆತು, “ಹಾಗಾದ್ರೆ ನಾನು ಎಂತ ಮಾಡುವುದು ಮಾರಾಯ್ರೆ?” ಎಂದರು.

“ನಿನಗೆ ಹೊಟ್ಟೆ ನೋವುಂಟಲ್ಲ? ಮಲಗು.”

ಭಾಗವತರು ಗಬಕ್ಕನೆ ಹೊಟ್ಟೆ ನೋವಿನ ಪದ ಎತ್ತಿಕೊಂಡರು. ಕೇಟರಿಂಗಿನವರು ದಿಂಬಿಗೆ ಒರಗಿ ನರಳತೊಡಗಿದರು. ಮೊದಲು ಮುನಿಸಿನಿಂದ, ಆಮೇಲೆ ನಿಜವಾಗಿ. ಎಷ್ಟಾದರೂ ಸಾಯುವುದರಲ್ಲಿ ನಿಪುಣರು.

ನಾನು ಬೇಡಿದ್ದು ಸಿಕ್ಕಿತ್ತು. ಇನ್ನು ಅವರು ನಾಲ್ಕು ಮಾತು ಹೇಳಿ, ನಾನು ‘ಆಗಲಿ’ ಎಂದರೆ ಸೇನಾಪತಿ ಸಾಯುತ್ತಾನೆ. ಅವರು ನಾಲ್ಕು ಮಾತು ಹೇಳಿದರು. ನಾನು ಪಂಡಿತರನ್ನು ಕರೆಸಿದೆ. ಅವರು ಮತ್ತೆ ಕಣ್ಣು ಮುಚ್ಚಿದರು. ನಾನು ಗಂಜಿ ತರಿಸಿದೆ. ಕಿಟಕಿ ತೆರೆಸಿದೆ. ಕಂಬಳಿ ಬದಲಾಯಿಸಿದೆ. ರಷ್ಯಾದಲ್ಲಿ ಕುದುರೆಗಳಿಗೆ ಯಾವ ಹುಲ್ಲು ಹಾಕುತ್ತಿದ್ದಿ ಎಂದು ಕೇಳಿದೆ. ಜನ ಮೊದಲು ನಕ್ಕರು, ಆಮೇಲೆ ನಗು ಕಡಿಮೆಯಾಯಿತು. ಕೇಟರಿಂಗಿನವರು ಮೈಕಿಗೆ ಕೈ ಅಡ್ಡ ಹಿಡಿದು ಮೆಲ್ಲಗೆ, “ಅಕ್ಕ, ಸಾಯ್ಲಿಕ್ಕೆ ಬಿಡಿ,” ಎಂದರು. ಆ ದನಿಯಲ್ಲಿ ಕೋಪ ಇರಲಿಲ್ಲ.

ನಾನು ನೀರು ಕುಡಿದೆ. “ಊರಿನವರಿಗೆ ಏನಂತ ಹೇಳಿ ಕಳಿಸಲಿ?” ಎಂದು ಕೇಳಿದೆ.

“ಯುದ್ಧದಲ್ಲಿ ಮಡಿದ ಎಂದು ಹೇಳಿ ಕಳಿಸಿ, ಮಹಾರಾಣಿ.”

“ಇಲ್ಲ. ಗಂಜಿ ಕುಡಿದು, ಉಪ್ಪಿನಕಾಯಿ ಯಾಕಿಲ್ಲ ಅಂತ ಜಗಳ ಮಾಡಿ ಸತ್ತ ಅಂತ ಕಳಿಸ್ತೇನೆ. ಯುದ್ಧದಲ್ಲಿ ಸತ್ತ ಅಂದ್ರೆ ಅದು ಬೇರೆ ಯಾರೋ ಅಂತ ಅವರು ತಿಳ್ಕೊಂಡಾರು. ನಿನ್ನನ್ನು ಕಾಯ್ತಾ ಕೂತಾರು.”

ಕೇಟರಿಂಗಿನವರು ಹೆಗಲ ಶಾಲನ್ನು ಕಂಬಳಿಯ ಹಾಗೆ ಕುತ್ತಿಗೆವರೆಗೆ ಎಳೆದುಕೊಂಡರು. ಆಮೇಲೆ, “ಹಾಗೆಯೇ ಹೇಳಿ,” ಎಂದು ಕಣ್ಣು ಮುಚ್ಚಿದರು. ನಾನು ‘ಆಗಲಿ’ ಎಂದೆ. ಭಾಗವತರು ಮಂಗಳ ಹಾಡಿದರು.

ಹಾಲಿನ ಹಿಂದೆ ಚಹಾ, ಗೋಳಿಬಜೆ ಇಟ್ಟಿದ್ದರು. ಬಂದವರು ನನ್ನ ಕೈ ಹಿಡಿದರು, ಆದರೆ ಆ ದಿನ ಬಾಯಿಂದ ಬಂದ ಮಾತು ಬೇರೆಯಾಗಿತ್ತು.

“ಅಕ್ಕ, ಅಣ್ಣ ನನ್ನ ಅರ್ಥ ನಡೆಯುವಾಗ ವೇದಿಕೆಯಲ್ಲೇ ನಿದ್ದೆ ಮಾಡ್ತಿದ್ರು. ಕಣ್ಣು ಬಿಟ್ಕೊಂಡೇ!” ಎಂದರು ಕೇಟರಿಂಗಿನವರು, ಬಾಯಿ ತುಂಬ ಬಜೆ ಇಟ್ಟುಕೊಂಡು. “ಎರಡು ವರ್ಷ ನಾನು ಅವರು ತಲ್ಲೀನರಾಗಿದ್ದಾರೆ ಅಂತ ತಿಳ್ಕೊಂಡಿದ್ದೆ.”

“ಪಾರ್ಕಿಂಗಿಗೆ ಜಗಳ ಮಾಡಿ ಒಬ್ಬನ ಗಾಡಿ ಎದುರು ಮಲಗಿದ್ರಲ್ಲ, ನೆನಪುಂಟಾ?” ಎಂದರು ಚೆಂಡೆಯವರು.

ಭಾಗವತರು ಅತ್ತ ಇತ್ತ ನೋಡಿ, “ನನ್ನ ಹೊಸ ಛತ್ರಿ ಇನ್ನೂ ನಿಮ್ಮ ಮನೆಯಲ್ಲೇ ಇರ್ಬೇಕು ಅಕ್ಕ. ಕೇಳಿದ್ರೆ, ಕುವೈತಿನಲ್ಲಿ ಮಳೆ ಬರುವಾಗ ಕೊಡ್ತೇನೆ ಅಂತಿದ್ರು,” ಎಂದರು.

ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರದು. ನಾನು ಲೋಟ ಹಿಡಿದುಕೊಂಡು ಎಲ್ಲವನ್ನೂ ಕೇಳಿಸಿಕೊಂಡೆ. ಇವರು ಅಲ್ಲೇ ಎಲ್ಲೋ ಬಜೆಯ ತಟ್ಟೆಯ ಹತ್ತಿರ ನಿಂತ ಹಾಗೆ ಇತ್ತು.

ಜರ್ಮನಿಯವರು ಮಗಳ ಜೊತೆ ಬಂದರು. ಅವರ ಕುಟುಂಬದಲ್ಲಿ ಈ ಹಿರಿಯನ ಸಾವಿನ ಬಗ್ಗೆ ಬರೆದು ಉಳಿದಿರುವುದು ಒಂದೇ ಸಾಲಂತೆ. ಅದರಲ್ಲಿ ಹಾಸಿಗೆ ಎಂದೇ ಇದ್ದರೂ ಅವರ ಅಜ್ಜ ನಾಚಿಕೊಂಡು ಡೇರೆ ಎಂದು ಹೇಳುತ್ತಿದ್ದರಂತೆ. ಇನ್ನು ಮೇಲೆ ನಾನು ಮೊಮ್ಮಕ್ಕಳಿಗೆ ಹಾಸಿಗೆ ಎಂದೇ ಹೇಳುತ್ತೇನೆ ಎಂದರು. ಆಮೇಲೆ ಸ್ವಲ್ಪ ತಡೆದು ಮಗಳಿಗೆ ಇನ್ನೇನೋ ಹೇಳಿದರು. ಅವಳು ನನ್ನ ಮುಖ ನೋಡಿದಳು, ಹೇಳಲೋ ಬೇಡವೋ ಎಂಬಂತೆ.

“ವಾಟ್ ಹೀ ಸೇಸ್ ಈಸ್... ಹೀ ವಿಲ್ ಮಿಸ್ ಯುವರ್ ಫಿಶ್ ಕರಿ, ಅಮ್ಮಾ.”

“ನನ್ನ ಮೀನು ಸಾರು ಜರ್ಮನಿಯವರು ಯಾವಾಗ ತಿಂದದ್ದು?”

ಯಾವಾಗ ಎಂದರೆ ದಿನವೂ. ಇವರು ಮಧ್ಯಾಹ್ನ ನಾನು ಕಟ್ಟಿಕೊಟ್ಟ ಬುತ್ತಿಯನ್ನು ಸ್ಟೋರಿನಲ್ಲಿ ಅವರಿಗೆ ಕೊಟ್ಟು, ಅವರು ತಂದ ಚೀಸಿನ ಬ್ರೆಡ್ ತಿನ್ನುತ್ತಿದ್ದರಂತೆ, ಎಷ್ಟೋ ವರ್ಷಗಳಿಂದ. ಜರ್ಮನಿಯವರು ನನಗೂ ಇದು ಗೊತ್ತಿದೆ ಎಂದೇ ತಿಳಿದಿದ್ದರು. ಬಂಗುಡೆ ತಮಗೆ ಇಷ್ಟ, ಬೂತಾಯಿಯ ಮುಳ್ಳು ಸ್ವಲ್ಪ ಕಷ್ಟ, ಹಾಗಲಕಾಯಿ ಆಗುವುದೇ ಇಲ್ಲ ಎಂದು ಬೆರಳು ಮಡಚಿ ಹೇಳಿದರು.

ನನಗೆ ಹಿಂದಿನದೆಲ್ಲ ಒಟ್ಟಿಗೆ ಅರ್ಥವಾಯಿತು. ಸಂಜೆ ಬಂದು, “ಇವತ್ತು ಮಸಾಲೆ ಸ್ವಲ್ಪ ಜಾಸ್ತಿ,” “ಇವತ್ತಿನ ಬಂಗುಡೆ ಭಾರೀ ಲಾಯ್ಕ್,” “ಹಾಗಲಕಾಯಿ ಬೇಡ ಮಾರಾಯ್ತಿ,” ಎಂದು ಇವರು ಹೇಳುತ್ತಿದ್ದುದನ್ನು ಕೇಳಿ ಕೇಳಿ ನಾನು ನನ್ನ ಅಡುಗೆಯನ್ನೇ ತಿದ್ದಿಕೊಂಡಿದ್ದೆ. ಹಾಗಲಕಾಯಿ ನನಗೆ ಪ್ರಾಣ. ಒಬ್ಬ ಜರ್ಮನಿಯವನ ನಾಲಿಗೆಗಾಗಿ ಅಷ್ಟು ವರ್ಷ ಅದನ್ನು ಮನೆಗೇ ತಂದಿರಲಿಲ್ಲ!

“ನಾಚಿಕೆ ಇಲ್ಲದ ಮನುಷ್ಯ!” ಎಂದೆ ಗಟ್ಟಿಯಾಗಿ. ಸುತ್ತ ಇದ್ದವರು ತಿರುಗಿ ನೋಡಿದರು. ಜರ್ಮನಿಯವರು ತಮಗೇ ಅಂದದ್ದು ಎಂದು ಒಂದು ಹೆಜ್ಜೆ ಹಿಂದೆ ಸರಿದರು. ಮಗಳು ನಗು ತಡೆಯಲಾರದೆ ಗೋಡೆ ಹಿಡಿದುಕೊಂಡಳು.

ಮನೆಗೆ ನಡೆದುಕೊಂಡು ಬರುವಾಗ ದಾರಿಯುದ್ದಕ್ಕೂ ಇವರನ್ನು ಬೈದೆ. ಬೇಕರಿಯ ಎದುರು ಬೈದೆ, ರಸ್ತೆ ದಾಟುವಾಗ ಬೈದೆ. ಮಗಳು ಅಪ್ಪನ ಪರ ವಹಿಸಿ ಇಂಗ್ಲಿಷಿನಲ್ಲಿ ಏನೇನೋ ವಾದ ಹೂಡಿದಳು, ಅವಳಿಗೂ ಬೈದೆ. ಇವರು ಹೋದ ಮೇಲೆ ಇಷ್ಟು ಸಿಟ್ಟು ನನಗೆ ಬಂದಿರಲಿಲ್ಲ. ತರಕಾರಿ ಅಂಗಡಿಯ ಮುಂದೆ ನಿಂತು, ಅಂಗಡಿಯವನು ಕಟ್ಟುತ್ತಿದ್ದ ಚೀಲಕ್ಕೆ ನಾನೇ ಕೈ ಹಾಕಿ ಇನ್ನೂ ನಾಲ್ಕು ಹಾಗಲಕಾಯಿ ತುಂಬಿದೆ.